ಎಡಚಕ್ರದ ಬ್ರೇಕ್

ನಂಬುವುದು ಬಿಡುವುದು ನಿಮಗೆ ಬಿಟ್ಟಿದ್ದು. ತೀರಿಹೋದ ಅಪ್ಪನ ಟ್ರ್ಯಾಕ್ಟರಿಗೆ, ರಿವೆಟ್ ಬಡಿದು ಕೂರಿಸುವ ಹೊಸ ಬ್ರೇಕ್ ಲೈನಿಂಗ್ ಪಟ್ಟಿ ಹಾಕಲು ನಾನೇ ಕೂತೆ. 'ಗುಜರಿಗೆ ಹಾಕು ಮಾರಾಯ' ಎಂದಿದ್ದ ಮೆಕ್ಯಾನಿಕ್ ಮೇಲಿನ ಹಟ. ಬಲಚಕ್ರ ಮುಗಿಸಿ, ಎಡಚಕ್ರದ ಡ್ರಮ್ ಬಿಚ್ಚಿಟ್ಟು ಮಧ್ಯಾಹ್ನ ಊಟಕ್ಕೆ ಬಂದೆ. ಎರಡನೇ ತುತ್ತಿಗೆ ಶೆಡ್ಡಿನಿಂದ ರಿವೆಟ್ ಬಡಿಯುವ ಸದ್ದು. ಎರಡು ಪೆಟ್ಟು, ಒಂದು ಕೆಮ್ಮು. ಮತ್ತೆ ಎರಡು ಪೆಟ್ಟು, ಕೆಮ್ಮು.

'ಮಾವನವರ ಕೆಮ್ಮಲ್ವೇನ್ರೀ ಅದು?' ಎಂದಳು ಹೆಂಡತಿ.

ಹೋಗಿ ನೋಡಿದರೆ ಯಾರೂ ಇಲ್ಲ. ನಾನು ಬಿಚ್ಚಿಟ್ಟಿದ್ದ ಡ್ರಮ್ ಮತ್ತೆ ಚಕ್ರಕ್ಕೆ ಕೂತಿತ್ತು, ಬೋಲ್ಟು ಬಿಗಿದಿತ್ತು, ಉರಿಬಿಸಿಲಲ್ಲೂ ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು. ಬಿಚ್ಚಲು ಕೈ ಬರಲಿಲ್ಲ.

ಸಂಜೆ ಮೆಕ್ಯಾನಿಕ್‌ನ ಕಣ್ಣೆದುರೇ ಇಳಿಜಾರಿನಲ್ಲಿ ಜೋರಾಗಿ ಇಳಿಸಿ ಬ್ರೇಕ್ ಒತ್ತಿದೆ. ಒಂದಿಂಚೂ ಅತ್ತಿತ್ತ ಎಳೆಯದೆ ಮೊಳೆ ಹೊಡೆದಂತೆ ನಿಂತಿತು. ಅವನು ಮೂಗಿನ ಮೇಲೆ ಬೆರಳಿಟ್ಟ; ನಾನು ಊರಿಗೆಲ್ಲ ಕೇಳುವಂತೆ ಹಾರ್ನ್ ಬಾರಿಸಿದೆ.

ಐದು ವರ್ಷವಾಯಿತು, ಆ ಬ್ರೇಕ್ ಒಮ್ಮೆಯೂ ಕೈಕೊಟ್ಟಿಲ್ಲ. ಎಡಚಕ್ರಕ್ಕೆಂದು ತಂದಿದ್ದ ಲೈನಿಂಗ್ ಮಾತ್ರ ಇನ್ನೂ ಶೆಡ್ಡಿನ ಗೂಡಿನಲ್ಲಿ, ಒಡೆಯದ ಡಬ್ಬಿಯಲ್ಲೇ ಇದೆ.