ನೊರೆ ಹಚ್ಚಿದ ಮೇಲೆ ಮಾತಾಡಂಗಿಲ್ಲ

“ಅಪ್ಪಾ, ದೊಡ್ಡಣ್ಣ ಮತ್ತೆ ಎಲೆಕ್ಷನ್‌ಗೆ ನಿಂತಿದಾನಂತೆ! ಕೇಸು ಇನ್ನೂ ಮುಗಿದೇ ಇಲ್ಲ, ಆಗ್ಲೇ ನಿಂತ್‌ಬಿಟ್ಟಿದಾನೆ!”

ಬೆನ್ನ ಮೇಲಿನ ಸ್ಕೂಲ್ ಬ್ಯಾಗನ್ನೂ ಇಳಿಸದೆ ಪಟಾಕಿ ಅಪ್ಪನ ಕಟಿಂಗ್ ಶಾಪಿಗೆ ನುಗ್ಗಿದಳು. ಮಾತು ಶುರುವಾದರೆ ನಿಲ್ಲುವುದಿಲ್ಲ ಅಂತಲೇ ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದರು.

“ನಿಂತಿದಾರೆ ಅನ್ನು. ದೊಡ್ಡವರು,” ಅಂದ ಅಪ್ಪ, ಬೇಕರಿ ಮಾಮನ ಕೆನ್ನೆಗೆ ನೊರೆ ಹಚ್ಚುತ್ತಾ.

“ಗೋಡೆ ಬೀಳಿಸಿದವರಿಗೂ ಮರ್ಯಾದೆ ಕೊಡ್ಬೇಕಾ?”

ಆ ಗೋಡೆ ಅವಳ ಸ್ಕೂಲಿನ ಹೊಸ ಬಾತ್‌ರೂಮಿನದು. ಕಟ್ಟಿಸಿದ್ದು ದೊಡ್ಡಣ್ಣ, ಅಂದರೆ ಊರೆಲ್ಲ ಹಾಗೆ ಕರೆಯುವ ಲೀಡರು. ಬಣ್ಣದ ವಾಸನೆ ಹೋಗುವ ಮೊದಲೇ ಅದು ಜಿಂಕೆಯ ಕಾಲ ಮೇಲೆ ಬಿತ್ತು. ಜಿಂಕೆ ಅಂದರೆ ಪಟಾಕಿಯ ಜೀವದ ಗೆಳತಿ. ಓಟದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಈಗ ಅವಳು ಬಾತ್‌ರೂಮಿಗೆ ಹೋಗಬೇಕೆಂದರೂ ಅಮ್ಮನನ್ನು ಕೂಗಬೇಕು. ಸಿಮೆಂಟಿಗಿಂತ ಮರಳೇ ಜಾಸ್ತಿ ಹಾಕಿಸಿದ್ದಾರೆ ಅಂತ ದೊಡ್ಡಣ್ಣನ ಮೇಲೆ ಕೇಸು.

ಬಿದ್ದ ಗೋಡೆಯ ಒಂದು ತುಂಡು ಪಟಾಕಿಯ ಬ್ಯಾಗಿನಲ್ಲಿತ್ತು. ಹಿಚುಕಿದರೆ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು.

“ಕೇಸು ಯಾರ ಮೇಲಿಲ್ಲ ಹೇಳು ಪುಟ್ಟಾ?” ಅಂದ ಬೇಕರಿ ಮಾಮ, ನೊರೆ ಹಚ್ಚುತ್ತಿದ್ದ ಅಪ್ಪನ ಕೈಯನ್ನು ಅರ್ಧಕ್ಕೇ ತಡೆದು. “ನಮ್ಮ ಬೀದಿಗೆ ಲೈಟ್ ಹಾಕ್ಸಿದ್ದು ಯಾರು? ದೊಡ್ಡಣ್ಣ ತಾನೇ?”

“ಓಹೋ! ಎಷ್ಟು ಲೈಟ್ ಹಾಕ್ಸಿದ್ರೆ ಒಂದು ಗೋಡೆ ಬೀಳಿಸ್ಬಹುದು ಮಾಮ?”

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಡ್ರೈವರ್ ಮಾಮ ನಕ್ಕ. “ಎಲೆಕ್ಷನ್‌ಗೆ ಆ ಕಡೆಯಿಂದ ನಿಂತಿರೋನು ನಮ್ಮನ್ನ ಕಂಡ್ರೆ ಕಾರಿನ ಗ್ಲಾಸ್ ಏರಿಸ್ಕೋತಾನೆ. ದೊಡ್ಡಣ್ಣ ಗ್ಲಾಸ್ ಇಳಿಸಿ ‘ಊಟ ಆಯ್ತಾ’ ಅಂತಾರೆ.”

“ಗ್ಲಾಸ್ ಇಳಿಸಿದ್ದಕ್ಕೆ ವೋಟಾ? ಹಾಗಾದ್ರೆ ನಮ್ಮ ಸ್ಕೂಲ್ ಬಸ್ಸಿಗೇ ಹಾಕಿ. ಅದಕ್ಕೆ ಗ್ಲಾಸೇ ಇಲ್ಲ!”

“ಸಾಕು ಬಾಯಿ ಮುಚ್ಚೇ,” ಅಂದ ಅಪ್ಪ. ದನಿ ತಗ್ಗಿತ್ತು. “ಅಜ್ಜಿಗೆ ಆಸ್ಪತ್ರೇಲಿ ಬೆಡ್ ಸಿಗದೆ ನಾವು ಬಾಗಿಲಲ್ಲಿ ನಿಂತಿದ್ವಲ್ಲ, ಆಗ ಫೋನ್ ಮಾಡಿ ಕೊಡಿಸಿದ್ದು ಯಾರು?”

ಅದು ನಿಜವೇ. ಅಜ್ಜಿ ಈಗ ಮನೆಯಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಅಂದರೆ ಅಜ್ಜಿ ಬೇಕಾದರೆ ಜಿಂಕೆಯ ಕಾಲು ಬಿಡಬೇಕೇ? ಇದ್ಯಾವ ಲೆಕ್ಕ? ಈ ದೊಡ್ಡವರ ತಲೆಯಲ್ಲೂ ಬರೀ ಮರಳೇ ಇರಬೇಕು ಅಂದುಕೊಂಡಳು ಪಟಾಕಿ.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಇಳಿದವನು ಸಾಕ್ಷಾತ್ ದೊಡ್ಡಣ್ಣ!

“ಪೋಸ್ಟರ್‌ಗೆ ಫೋಟೋ ತೆಗೆಸ್ಬೇಕು. ಒಂದು ಶೇವಿಂಗ್ ಆಗ್ಲಿ,” ಅಂದ.

ಡ್ರೈವರ್ ಮಾಮ ಎದ್ದು ನಿಂತ. ಬೇಕರಿ ಮಾಮನಂತೂ ಅರ್ಧ ಮುಖದ ನೊರೆಯಲ್ಲೇ ಕುರ್ಚಿಯಿಂದ ಜಿಗಿದು, ತನ್ನ ಟವೆಲಿನಿಂದಲೇ ಸೀಟು ಒರೆಸಿಕೊಟ್ಟ. ನಗುವಿಗೆ ಬಾಯಿ ಕಿವಿಯವರೆಗೆ ಹರಿದಿತ್ತು. ಎರಡು ನಿಮಿಷ ಬಿಟ್ಟಿದ್ದರೆ ನೆಲವನ್ನೂ ಗುಡಿಸುತ್ತಿದ್ದನೇನೋ!

ಅಪ್ಪನ ಶಾಪಿನಲ್ಲಿ ಇದ್ದದ್ದು ಒಂದೇ ರೂಲ್. ನೊರೆ ಹಚ್ಚಿದ ಮೇಲೆ ಮಾತಾಡಂಗಿಲ್ಲ. ಕೆನ್ನೆ ಅಲುಗಿದರೆ ಗಾಯ ಗ್ಯಾರಂಟಿ. ಈ ರೂಲ್ ಕುರ್ಚಿಯಲ್ಲಿ ಕೂತವರಿಗೆ. ನಿಂತವರಿಗಲ್ಲ.

ಅಪ್ಪ ನೊರೆ ಹಚ್ಚಿ, ದೊಡ್ಡಣ್ಣನ ಗದ್ದ ಎತ್ತಿ ಗಂಟಲಿಗೆ ಕತ್ತಿ ಇಟ್ಟ. ಪಟಾಕಿ ಕುರ್ಚಿಯ ಪಕ್ಕ ಬಂದು ನಿಂತಳು.

“ಗೋಡೆಗೆ ಸಿಮೆಂಟ್ ಯಾಕೆ ಹಾಕ್ಸಿಲ್ಲ?”

ದೊಡ್ಡಣ್ಣನ ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. ಅಪ್ಪ ಬೈಯಲಿಲ್ಲ. ಕತ್ತಿಯನ್ನೂ ತೆಗೆಯಲಿಲ್ಲ. ಕನ್ನಡಿಯಲ್ಲಿ ಮಗಳನ್ನು ಒಮ್ಮೆ ನೋಡಿ, ಬೇಕಾದ್ದಕ್ಕಿಂತ ನಿಧಾನವಾಗಿ ಆ ಗಂಟಲನ್ನು ಹೆರೆದ.

ಮುಖ ಒರೆಸಿಕೊಂಡದ್ದೇ ದೊಡ್ಡಣ್ಣ ಜೋರಾಗಿ ನಕ್ಕ.

“ಭಲೇ ಹುಡುಗಿ! ಇಂಥ ಧೈರ್ಯದ ಮಕ್ಕಳೇ ನಮಗೆ ಬೇಕು. ಜಿಂಕೆ ನಿನ್ನ ಫ್ರೆಂಡ್ ಅಲ್ವಾ? ಪಾಪ, ಎಷ್ಟು ಚೆನ್ನಾಗಿ ಓಡ್ತಿದ್ಲು. ನಾಳೆ ಹತ್ತು ಗಂಟೆಗೆ ನಾನೇ ಅವಳ ಮನೆಗೆ ಬರ್ತೀನಿ. ನೀನೂ ಬಾ. ಫೋಟೋದಲ್ಲಿ ನನ್ನ ಪಕ್ಕದಲ್ಲೇ ನಿಂತ್ಕೋಬೇಕು, ಆಯ್ತಾ?” ಅಂದು ಅವಳ ತಲೆ ಸವರಿದ.

“ನೋಡಿದ್ಯಾ, ಎಂಥಾ ಮನಸ್ಸು!” ಅಂದ ಬೇಕರಿ ಮಾಮ. ಅವನ ಮುಖದ ನೊರೆ ಒಣಗಿ ಬಿರುಕು ಬಿಟ್ಟಿತ್ತು.

ಪಟಾಕಿ ಕನ್ನಡಿ ನೋಡಿದಳು. ಅಲ್ಲೊಬ್ಬ ಹುಡುಗಿ ಹಲ್ಲೆಲ್ಲಾ ಬಿಟ್ಟುಕೊಂಡು ನಗುತ್ತಿದ್ದಳು. ಥೇಟ್ ಬೇಕರಿ ಮಾಮನ ಹಾಗೆ. ಜಿಂಕೆ ಅನ್ನೋ ಹೆಸರೂ ಇವರಿಗೆ ಗೊತ್ತು! ಪಕ್ಕದಲ್ಲೇ ನಿಂತ್ಕೋ ಅಂದರು!

ಕಾರು ಹೋದ ಮೇಲೆ ಅವಳಿಗೆ ಹೊಳೆಯಿತು. ಸಿಮೆಂಟಿನ ಬಗ್ಗೆ ಅವನು ಒಂದಕ್ಷರವೂ ಆಡಿರಲಿಲ್ಲ. ಮತ್ತೆ ಕೇಳುವುದನ್ನು ಅವಳೂ ಮರೆತಿದ್ದಳು. ನಗು ಎಲ್ಲಿಂದ ಬಂತೋ ಅಲ್ಲಿಗೇ ಹೋಯಿತು. ತಲೆಯ ಮೇಲೆ ಅವನ ಕೈ ಸವರಿದ ಜಾಗ ಮಾತ್ರ ಇನ್ನೂ ಬೆಚ್ಚಗಿತ್ತು.

ಅಪ್ಪನ ಫೋನ್ ತೆಗೆದುಕೊಂಡು ಜಿಂಕೆಗೆ ಸುದ್ದಿ ಹೇಳಿದಳು.

“ದೊಡ್ಡಣ್ಣ ನಮ್ಮನೆಗಾ? ನಿಜವಾಗ್ಲೂ? ಅಯ್ಯೋ, ಯಾವ ಫ್ರಾಕ್ ಹಾಕ್ಕೊಳ್ಲಿ ಕಣೇ?” ಅಂತ ಕಿರುಚಿದಳು ಜಿಂಕೆ.

ಪಟಾಕಿಯ ನಾಲಿಗೆಯ ತುದಿಗೆ ಬೈಗುಳ ಬಂತು. ಆದರೆ ಕನ್ನಡಿಯಲ್ಲಿ ಕಂಡ ಹಲ್ಲುಗಳು ನೆನಪಾಗಿ ಅದನ್ನು ನುಂಗಿಕೊಂಡಳು.

“ಹಳದಿದು ಹಾಕ್ಕೋ. ನಾನು ಒಂಬತ್ತೂವರೆಗೇ ಬರ್ತೀನಿ.”

“ಅಷ್ಟು ಬೇಗ ಯಾಕೆ?”

“ಅವರು ಶೇಕ್‌ಹ್ಯಾಂಡ್ ಕೊಡೋಕೆ ಕೈ ಚಾಚ್ತಾರಲ್ಲ, ಆಗ ನೀನು ಆ ಕೈಗೆ ಒಂದು ಐಟಂ ಇಡ್ಬೇಕು. ನಾನೇ ತರ್ತೀನಿ. ಫೋಟೋ ತೆಗೆಯೋವರೆಗೂ ಕೈ ಬಿಡ್ಬೇಡ.”

ಫೋನಿಟ್ಟು ಅವಳು ಬ್ಯಾಗಿನಿಂದ ಗೋಡೆಯ ತುಂಡನ್ನು ಹೊರತೆಗೆದಳು. ಅಪ್ಪ ಅದನ್ನು ನೋಡಿ, ಶೆಲ್ಫಿನಿಂದ ಒಗೆದ ಟವೆಲ್ ಒಂದನ್ನು ತೆಗೆದು ಕೊಟ್ಟ. ನಾಳೆ ಹತ್ತು ಗಂಟೆಯವರೆಗೆ ಆ ತುಂಡು ಪುಡಿಯಾಗದ ಹಾಗೆ ಪಟಾಕಿ ಮೆಲ್ಲಗೆ, ಬಲು ಮೆಲ್ಲಗೆ ಸುತ್ತಿಟ್ಟಳು.