ಸಿಂಹಾದ್ರಿನಾಥನ ಸಹಿ

"ಈ ಪೆಟ್ಟಿಗೆ ನಿಮಗೆಲ್ಲಿ ಸಿಕ್ಕಿತು?"

ಗಗನಾಳ ದನಿ ನಡುಗಿತು. ವಿಶಾಖಪಟ್ಟಣದ ಆ ಬಾಡಿಗೆ ಕೋಣೆಯ ಮೇಜಿನ ತುಂಬ, ತೀರಿಹೋದ ಅಪ್ಪ ಭೀಮಸೇನರು ತೆಗೆದ ಫೋಟೊಗಳು! ಭೀಮುನಿಪಟ್ಟಣದ ಬಲೆಗಾರರು, ಸಿಂಹಾಚಲದ ಮೆಟ್ಟಿಲೇರುವ ಜನ… ಅಪ್ಪ ಆಸ್ಪತ್ರೆಯಲ್ಲಿದ್ದಾಗ ಇದೇ ಊರಿನ ಅವರ ಸ್ಟುಡಿಯೋದಿಂದ ಮಾಯವಾಗಿದ್ದ ಪೆಟ್ಟಿಗೆ ಅದು.

"ಗುಜರಿ ಅಂಗಡೀಲಿ ಅಂಡಿ," ಎಂದು ತೆಲುಗಿನ ಮರ್ಯಾದೆ ಬೆರೆಸಿ ನಕ್ಕ ಅನಿರುದ್ಧ್, ವಿಜಯವಾಡದಲ್ಲಿ ಬೆಳೆದ ಕನ್ನಡದ ಹುಡುಗ. "ತೆಲುಗಲ್ಲಿ ಈ ಕಡೆಯ ಊರುಗಳ ಚರಿತ್ರೆ ಪುಸ್ತಕ ಮಾಡ್ತಿದೀನಿ. ಚಿತ್ರಗಳ ಹಿಂದೆ ಕನ್ನಡದಲ್ಲಿ ಏನೋ ಗೀಚಿದಾರೆ. ನಂಗೆ ಮನೆ ಮಾತು ಬರುತ್ತೆ, ಓದೋಕೆ ಬರಲ್ಲ. ಬ್ಯಾಂಕಿಗೆ ಕನ್ನಡದೋರು ವರ್ಗವಾಗಿ ಬಂದಿದಾರೆ ಅಂತ ಕೇಳಿ ನಿಮ್ಮನ್ನ ಕರೆದೆ."

ಗುಜರಿಯಂತೆ! ಸುಳ್ಳುಗಾರ!

ಆಗ ಅವಳ ಕಣ್ಣು ಮುಖಪುಟದ ಕರಡಿನ ಮೇಲೆ ಬಿತ್ತು. 'ಚಿತ್ರಗಳು: ಸಿಂಹಾದ್ರಿನಾಥ್.'

ಮೈಯೆಲ್ಲ ಉರಿದುಹೋಯಿತು. ಅಪ್ಪ ದೇವರನಾಮ ಹೇಳಿಕೊಂಡೇ ಕ್ಯಾಮೆರಾ ಒರೆಸುತ್ತಿದ್ದವರು. ದಾಸರು ಹಾಡಿನ ಕೊನೆಗೆ ತಮ್ಮ ಹೆಸರಿಡದೆ ದೇವರ ಅಂಕಿತ ಇಡುವಂತೆ, ಅವರೂ ಪ್ರತಿ ಚಿತ್ರದ ಹಿಂದೆ ಸಿಂಹಾಚಲದ ಸ್ವಾಮಿಯ ಹೆಸರನ್ನೇ ಬರೆದಿದ್ದರು. ಕನ್ನಡದವನಿಗೆ ಇಷ್ಟು ತಿಳಿಯದೇ? ದೇವರ ಹೆಸರನ್ನು ಮುಂದಿಟ್ಟುಕೊಂಡು ಅಪ್ಪನನ್ನೇ ಅಳಿಸುತ್ತಿದ್ದಾನೆ!

'ಈ ಪುಸ್ತಕ ಊರ ಮುಂದೆ ನಗೆಪಾಟಲಾಗಬೇಕು… ಮಾಡ್ತೀನಿ!'

"ಓದಿಕೊಡ್ತೀನಿ," ಎಂದಳು, ಸಣ್ಣಗೆ ನಕ್ಕು. ತಾನು ಯಾರ ಮಗಳೆಂದು ಹೇಳಲಿಲ್ಲ.

ಎರಡು ತಿಂಗಳು, ಪ್ರತಿ ಭಾನುವಾರ ಬಂದಳು. ಪೆಂಡುರ್ತಿಯ ಸಂತೆಯನ್ನು ಭೀಮುನಿಪಟ್ಟಣದ್ದೆಂದಳು. ಮದುವೆಯ ಪಂಕ್ತಿಯನ್ನು ತಿಥಿಯೂಟವೆಂದಳು. ಅವನು ನಂಬಿ ಬರೆದುಕೊಂಡ. ಅವಳಿಗೆಂದು ಬಿಸಿ ಪೆಸರಟ್ಟು ದೋಸೆ ಕಟ್ಟಿಸಿ ತಂದ. ಅವಳು ಕೆಮ್ಮಿದ ದಿನ ಫ್ಯಾನ್ ಆರಿಸಿ ತಾನು ಬೆವರಿದ.

ಆ ದಿನವೇ ಅವಳು ಎಲ್ಲಕ್ಕಿಂತ ಹೆಚ್ಚು ಸುಳ್ಳು ಹೇಳಿದಳು. ಕರಗಿಬಿಡುತ್ತೇನೇನೋ ಎಂಬ ಭಯ!

ಕಡೆಯ ಕರಡು ನೋಡಲು ಇಬ್ಬರೂ ವಿಜಯವಾಡದ ಪ್ರೆಸ್ಸಿಗೆ ಹೋದರು. ಇನ್ನೇನು ಯಂತ್ರ ಶುರುವಾಗಬೇಕು. ಅನಿರುದ್ಧ್ ಯಾರನ್ನೋ ಫೋನಿನಲ್ಲಿ ಗೋಗರೆಯುತ್ತಿದ್ದ.

"ನಿಮ್ಮನೇಲಿ ಫೋಟೊ ತೆಗೀತಿದ್ದ ಸಿಂಹಾದ್ರಿನಾಥ್ ಅಂತ ಯಾರಾದ್ರೂ ಇದ್ರಾ ಅಂಡಿ?"

ಗಗನಾ ನಿಂತಲ್ಲೇ ನಿಂತಳು. "ಯಾರನ್ನ ಹುಡುಕ್ತಿದೀರಿ?"

"ಇವರನ್ನೇ! ಸಹಿ ಮಾತ್ರ ದುಂಡಗಿದೆ, ತೆಲುಗು ಅಕ್ಷರದ ಹಾಗೇ. ಹೇಗೋ ಓದಿಕೊಂಡೆ. ಪೆಂಡುರ್ತೀಲೇ ಏಳು ಜನ ಸಿಂಹಾದ್ರಿ ಸಿಕ್ಕರು. ಒಬ್ಬರು ಟೀ ಕೊಟ್ರು, ಒಬ್ಬರು ನಾಯಿ ಬಿಟ್ರು." ಅವನ ನಗು ಸೋತಿತು. "ಬಿಡುಗಡೆ ದಿನ ಅವರ ಮನೆಯವರನ್ನ ವೇದಿಕೆ ಮೇಲೆ ಕೂರಿಸಬೇಕು ಅಂತಿದ್ದೆ…"

ಅಯ್ಯೋ… ಇವನಿಗೆ ಗೊತ್ತೇ ಇಲ್ಲ!

"ಅದು ಮನುಷ್ಯರ ಹೆಸರಲ್ಲ." ಅವಳು ಮುಖಪುಟದ ಕರಡನ್ನು ಕೈಗೆತ್ತಿಕೊಂಡಳು. "ದೇವರ ಅಂಕಿತ. ತೆಗೆದವರು ನಮ್ಮಪ್ಪ, ಭೀಮಸೇನ. ನೀವು ಕದ್ದಿರಿ ಅಂದ್ಕೊಂಡೆ. ಅದಕ್ಕೇ… ಮೂವತ್ತೆಂಟು ಚಿತ್ರಗಳ ಕೆಳಗೆ ಸುಳ್ಳು ಬರೆಸಿದೀನಿ!"

ಅನಿರುದ್ಧ್ ಬಿಳಿಚಿಕೊಂಡ. ಮರುಕ್ಷಣ ಒಳಗೆ ಓಡಿದ. "ಆಪಂಡಿ! ಯಂತ್ರ ನಿಲ್ಸಿ!"

ಹಿಂತಿರುಗಿದಾಗ ಅವನ ಕಣ್ಣು ಕೆಂಪಾಗಿತ್ತು.

"ನನ್ನ ಕೆನ್ನೆಗೆ ಹೊಡೀಬಹುದಿತ್ತು ಗಗನಾ ಗಾರು… ಅಪ್ಪನ ಕೆಲಸಕ್ಕೆ ಯಾಕೆ ಹೊಡೆದ್ರಿ?"

ಅವಳು ಕುಸಿದು ಕುಳಿತಳು. ಇಷ್ಟು ದಿನ ಸಾಕಿದ ಸೇಡು ಯಾರ ಮೇಲೆ ತೀರಿತು!

ಅವನು ಕುರ್ಚಿ ಎಳೆದುಕೊಂಡ. ಅವಳು ಒಂದೊಂದೇ ನಿಜ ಓದಿದಳು, ಅವನು ಒಂದೊಂದೇ ಸುಳ್ಳು ಹೊಡೆದುಹಾಕಿದ. ಮುಖಪುಟದ ಮೇಲೆ ತಾನೇ ಬರೆದ: 'ಚಿತ್ರಗಳು: ಭೀಮಸೇನ. ಅಂಕಿತ: ಸಿಂಹಾದ್ರಿನಾಥ.'

ಕೊನೆಗೆ ಒಂದು ಚಿತ್ರ ಉಳಿಯಿತು. ಸಮುದ್ರದ ಮರಳಿನಲ್ಲಿ, ಕ್ಯಾಮೆರಾ ಚೀಲ ಕೊರಳಿಗೆ ಹಾಕಿಕೊಂಡ ಪುಟ್ಟ ಹುಡುಗಿ.

"'ಯಾರೋ ಮಗು' ಅಂದಿದ್ರಿ. ಇದೂ ಸುಳ್ಳಾ?"

"ಹೂಂ… 'ನನ್ನ ಗಗನಾ' ಅಂತ ಬರೆದಿದಾರೆ ಅಪ್ಪ." ಅವಳು ಬಿಕ್ಕಿದಳು. "ನನ್ನನ್ನ ಕ್ಷಮಿಸ್ತೀರಾ?"

"ಕೋಪ ಇದೆ. ವೇದಿಕೆ ಮೇಲೆ ಬಂದು ಕೂತ್ರೆ ಅರ್ಧ ಇಳಿಯುತ್ತೆ."

"ಇನ್ನರ್ಧ?"

ಅವನು ಚಿತ್ರವನ್ನು ತಿರುಗಿಸಿ, ಬೆರಳಿಟ್ಟು, ಮಗುವಿನಂತೆ ಅಕ್ಷರ ಕೂಡಿಸಿದ.

"ನ…ನ್ನ… ಗಗನಾ. ಸರಿಯಾಗಿ ಓದಿದ್ನಾ?"

ಅವಳು ಕಣ್ಣೊರೆಸಿಕೊಂಡಳು.

"ಸರಿಯಾಗಿದೆ… ಇನ್ನೊಂದ್ಸಲ ಓದಿ."