ಹಳೇ ಗೀರಿನ ಸ್ಕ್ರೂ

ಮುಂಬಯಿಯ ಬೈಕುಲ್ಲಾದ ಆ ಗಾಳಾಕ್ಕೆ, ಅಂದರೆ ಅಂಗಡಿ ಮಳಿಗೆಗೆ, ಮುರಿಗೆಪ್ಪ ಮನಸ್ಸಿನಲ್ಲೇ ಎಷ್ಟೋ ಸಲ ಬಣ್ಣ ಹಚ್ಚಿದ್ದ. ಹೊರಗೆ ತನ್ನ ಹೆಸರಿನ ಬೋರ್ಡು, ಒಳಗೆ ಕಿಟಕಿಯ ಬೆಳಕು ಬೀಳುವಲ್ಲಿ ಮೇಜು, ಪಕ್ಕದಲ್ಲಿ ಅಪ್ಪನ ಕಾಲದ ಕಮ್ಮಾರಿಕೆಯ ಅಡಿಗಲ್ಲು. ಅಲ್ಲಿ ಕೂತು ಹಳೇ ಬಂದೂಕುಗಳನ್ನು, ಅಂದರೆ ನಳಿಗೆಯ ಬಾಯಿಂದ ಮದ್ದು ಸುರಿದು ಗಜದ ಸಲಾಕೆಯಿಂದ ಜಡಿಯುವ ಕಾಲದವುಗಳನ್ನು, ರಿಪೇರಿ ಮಾಡಿಕೊಂಡಿರಬೇಕೆಂಬುದು ಅವನ ಆಸೆ. ಮನೆತನದ ಕಸುಬು ಅದು. ಹೊಟ್ಟೆಪಾಡಿಗಾಗಿ ಮಾತ್ರ ತನ್ನ ಊರಿನವನೇ ಆದ ಬಸವಂತರಾಯನ ಕಲ್ಲು ಕ್ವಾರಿಯಲ್ಲಿ ಕಂಪ್ರೆಸರು, ಡ್ರಿಲ್ಲು, ಲಾರಿಗಳ ಮಿಸ್ತ್ರಿಯಾಗಿ ಯೌವನವನ್ನೆಲ್ಲ ತೇಯ್ದಿದ್ದ. ಗಾಳಾ ಬಸವಂತರಾಯನದು. "ಖಾಲಿ ಆದ ದಿವಸ ಕೀಲಿ ನಿನ್ನ ಕೈಯಾಗ" ಎಂದು ತನ್ನ ತಾಯಿ ರುದ್ರವ್ವನ ಎದುರಿಗೇ ಅವನು ಮಾತು ಕೊಟ್ಟಿದ್ದ.

ಗಾಳಾ ಖಾಲಿಯಾಯಿತು. ಕೀಲಿ ಬಸವಂತರಾಯನ ಅಳಿಯ ಅಣವೀರಪ್ಪನ ಕೈಗೆ ಹೋಯಿತು. ಅವನು ಅಲ್ಲಿ ಟ್ರಾನ್ಸಿಸ್ಟರ್ ಅಂಗಡಿ ತೆರೆದ. ಮುರಿಗೆಪ್ಪ ಕೇಳಲು ಹೋದಾಗ ಬಸವಂತರಾಯ ಎಲೆ ಅಡಿಕೆಯ ತಟ್ಟೆ ಮುಂದಕ್ಕೆ ಸರಿಸಿ, ನಗುತ್ತಲೇ ಹೇಳಿದ.

"ಹೊರಗಿನಂವ ಆಗಿದ್ರ ಕೊಟ್ಟ ಮಾತು ಉಳಿಸಬೇಕಾಗತಿತ್ತೋ ಮುರಿಗೆಪ್ಪಾ. ನೀ ನಮ್ಮಂವ ಅದೀ. ತಿಳಕೋತಿ."

ಮುರಿಗೆಪ್ಪ ತಿಳಿದುಕೊಂಡ. ಎಲೆ ಬಾಯಿಗೆ ಹಾಕಿಕೊಂಡು, "ಹೌದ್ರಿ ಸಾವಕಾರ್ರ" ಎಂದು ಎದ್ದು ಬಂದ. ಆಂಟಾಪ್ ಹಿಲ್ಲಿನ ತನ್ನ ಖೋಲಿಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಬೈದಿದ್ದರೆ ಸಹಿಸುತ್ತಿದ್ದ, ಮೋಸ ಮಾಡಿ ಮೇಲೆ ಬೆನ್ನು ಸವರಿದ್ದನ್ನು ಸಹಿಸಲಾಗಲಿಲ್ಲ. ಕ್ವಾರಿ ಬಿಟ್ಟು, ಚೋರ್ ಬಜಾರಿನ ಗಲ್ಲಿಯೊಂದರಲ್ಲಿ ಹಳೇ ಫರ್ನಿಚರಿನ ಅಂಗಡಿಯ ಮೂಲೆ ಹಿಡಿದು ಕೂತ. ಹೋಟೆಲಿನ ಗೋಡೆಗೆ ಬೇಕಾದ ಕತ್ತಿ, ಗುರಾಣಿ, ತುಕ್ಕು ಹಿಡಿದ ಬಂದೂಕುಗಳು ಅವನ ಕೈಗೆ ಬರತೊಡಗಿದವು.

ದಸರೆಗೆ ಮೊದಲಿನ ಮಳೆಗಾಲದಲ್ಲಿ ಬಸವಂತರಾಯ ತಾನಾಗಿಯೇ ಅಲ್ಲಿಗೆ ಬಂದ. ಕೈಯಲ್ಲಿ ಕಂಬಳಿಯಲ್ಲಿ ಸುತ್ತಿದ ಬಂದೂಕು. ಅವನ ಮುತ್ತಜ್ಜನಿಗೆ ಯಾರೋ ದೇಸಾಯರು ಕೊಟ್ಟದ್ದಂತೆ. ಬೆಳ್ಳಿಯ ಬಳ್ಳಿ ಕೂರಿಸಿದ ಮರದ ಹಿಡಿ, ಹೂವು ಕೆತ್ತಿದ ನಳಿಗೆ. ಅಷ್ಟು ವರ್ಷ ಅದು ಅವನ ಮನೆಯ ಗೋಡೆಯ ಮೇಲೆ ಮಾಲೆ ಹಾಕಿಸಿಕೊಂಡು ತೂಗುತ್ತಿದ್ದುದನ್ನು ಮುರಿಗೆಪ್ಪ ನೋಡಿದ್ದ. ಕೇಪಿಗೆ ಬಡಿದು ಮದ್ದು ಹೊತ್ತಿಸುವ ಕುದುರೆ ತುಕ್ಕು ಹಿಡಿದು ಕೂತಿತ್ತು, ಮರ ಸೀಳಿತ್ತು.

"ಖಂಡೇನವಮಿಗೆ ಇದು ಮದಿವಿ ಹೆಣ್ಣಿನಾಂಗ ಕಾಣಬೇಕು. ಅವ್ವಾ ಹಟಾ ಹಿಡದಾಳ. ನಿನ್ನ ಬಿಟ್ರ ಬ್ಯಾರೆ ಯಾರ ಕೈಯಾಗೂ ಕೊಡಬ್ಯಾಡ ಅಂದಾಳ" ಎಂದ ಬಸವಂತರಾಯ.

ಅವನು ಹೋದ ಮೇಲೆ ಮುರಿಗೆಪ್ಪ ಕಂಬಳಿಯನ್ನು ಮಡಚಿಟ್ಟು, ಬಂದೂಕನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ದೇವರು ಇಷ್ಟು ಸಲೀಸಾಗಿ ಕೈಗೆ ತಂದುಕೊಟ್ಟದ್ದನ್ನು ಬೇಡ ಎನ್ನುವುದು ದೊಡ್ಡ ಪಾಪ ಎಂದು ಅವನಿಗೆ ಖಾತ್ರಿಯಾಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇದರ ತದ್ರೂಪು ಇನ್ನೊಂದು ಮಾಡುವುದು; ಅದನ್ನು ಬಸವಂತರಾಯನಿಗೆ ಕೊಡುವುದು; ಅಸಲನ್ನು ಮಾರುವುದು. ಬಂದದ್ದರಲ್ಲಿ ಧಾರಾವಿಯಲ್ಲಿ ಒಂದು ಖೋಲಿ, ಮೇಲೆ ತನ್ನ ಹೆಸರಿನ ಬೋರ್ಡು. ಮಾತು ಕೊಟ್ಟವನೇ ಅಂಗಡಿ ಕೊಟ್ಟಂತಾಗುತ್ತದೆ, ಅವನಿಗೆ ಗೊತ್ತಾಗುವುದಿಲ್ಲ ಅಷ್ಟೆ.

ಕೊಲಾಬಾದಲ್ಲಿ ಹಳೇ ಸಾಮಾನು ಮಾರುವ ಸದಾನಂದ ಬಂದೂಕನ್ನು ನೋಡಿ, ಕಣ್ಣಿಗೆ ಭೂತಗನ್ನಡಿ ಹಿಡಿದು, ಎಲ್ಲಕ್ಕಿಂತ ಮೊದಲು ಸ್ಕ್ರೂಗಳನ್ನು ನೋಡಿದ.

"ಹೊರದೇಶದವರು ಮೊದಲು ಇದನ್ನೇ ನೋಡುವುದು ಮಾರಾಯ್ರೆ. ಹೊಸ ಸ್ಕ್ರೂ ಒಂದು ಕಂಡ್ರೆ ಸಾಕು, ಇಡೀ ಬಂದೂಕೇ ಡೂಪ್ಲಿಕೇಟು ಅಂತ ತಳ್ಳಿಬಿಡ್ತಾರೆ. ಇದರದ್ದು ಒಂದನ್ನೂ ಮುಟ್ಟಬೇಡಿ. ಬೇಗ ಕೊಡಿ. ಹಳೇ ಸಾಮಾನಿಗೆಲ್ಲ ಸರ್ಕಾರದ್ದು ಎಂಥದೋ ಹೊಸ ಕಾಯ್ದೆ ಬರ್ಲಿಕ್ಕುಂಟಂತೆ."

ಹಾಗಾಗಿ ಅಸಲಿನ ಸ್ಕ್ರೂ ಅಸಲಿಗೇ ಉಳಿಯಿತು. ನಕಲಿಗೆ ಬೇರೆ ಹುಡುಕಬೇಕಾಯಿತು. ಮರ, ಬೆಳ್ಳಿ, ಕೆತ್ತನೆ ಯಾವುದೂ ಮುರಿಗೆಪ್ಪನಿಗೆ ಕಷ್ಟವಲ್ಲ. ನಳಿಗೆಯೂ ಅಲ್ಲ: ಒಳಗೆ ಇಣುಕುವವರು ಯಾರು? ನೀರಿನ ಪೈಪಿಗೆ ಹೂವು ಕೆತ್ತಿ, ಹಿಂಬದಿ ಬೆಸುಗೆ ಹಾಕಿ, ಆಮ್ಲದಲ್ಲಿ ಕಪ್ಪು ಮಾಡಿದರೆ ಮುತ್ತಜ್ಜನೂ ಮೋಸಹೋಗಬೇಕು. ಆದರೆ ಬಸವಂತರಾಯ ಚಿಕ್ಕಂದಿನಲ್ಲಿ ಆ ಬಂದೂಕಿಗೆ ಎಣ್ಣೆ ಹಚ್ಚಿ ಬೆಳೆದವನು. ಮಾತಾಡುತ್ತ ಮಾತಾಡುತ್ತ ಸ್ಕ್ರೂಗಳ ತಲೆಯ ಗೀರಿನಲ್ಲಿ ಉಗುರು ಆಡಿಸುವುದು ಅವನ ಚಟ. ಆ ಉಗುರನ್ನು ಮುರಿಗೆಪ್ಪ ಮರೆತಿರಲಿಲ್ಲ.

ಹೊಸ ಸ್ಕ್ರೂ ಮಷೀನಿನ ಕೂಸು. ತಲೆ ಸಪಾಟು, ಗೀರು ಅಗಲ, ಮೈಯ ಸುತ್ತಿನ ಎಳೆಗಳೆಲ್ಲ ಒಂದೇ ಸಮ. ಹಳೆಯದು ಹಾಗಲ್ಲ. ತಲೆ ತುಸು ಉಬ್ಬು. ಗೀರು ಚಾಕುವಿನ ಅಲಗಿನಷ್ಟು ಕಿರಿದು, ನಡುವಿನಿಂದ ಕೂದಲೆಳೆ ಆಚೀಚೆ. ಕೈಯಿಂದ ಕೊರೆದ ಎಳೆಗಳು ಎಲ್ಲಿಯೋ ದಟ್ಟ, ಎಲ್ಲಿಯೋ ವಿರಳ. ಮುರಿಗೆಪ್ಪ ತಾನೇ ಅರದಿಂದ ಉಜ್ಜಿ ಮಾಡಿ ನೋಡಿದ. ಚಂದವಾಗಿಯೇ ಬಂತು. ಆದರೆ ನೂರು ವರ್ಷ ಬೇರೆಬೇರೆ ಕೈಗಳು ಬಿಚ್ಚಿ ಹಾಕಿದ್ದರ ಸವೆತ ಅದರಲ್ಲಿ ಬರಲಿಲ್ಲ, ಎಸೆದುಬಿಟ್ಟ.

ಮಳೆಗಾಲವೆಲ್ಲ ಹುಡುಕಾಟವಾಯಿತು. ದಾರುಖಾನಾದಲ್ಲಿ ಒಡೆದ ಹಡಗುಗಳ ಸಾಮಾನಿನ ರಾಶಿ ಕೆದಕಿದ. ಪಾರ್ಸಿಗಳ ಬಂಗಲೆ ಕೆಡವಿದ ಸುದ್ದಿ ಬಂದರೆ ಬಾಗಿಲಿನ ಬೀಗಗಳ ಹಿಂದೆ ಬಿದ್ದ. ಕೆಟ್ಟ ಗಡಿಯಾರ, ಕಾಲಿಲ್ಲದ ಹೊಲಿಗೆಯಂತ್ರ, ಹಲ್ಲುದುರಿದ ಪಿಯಾನೋ ಒಂದನ್ನೂ ಬಿಡಲಿಲ್ಲ. ಧಾರಾವಿಯಲ್ಲಿ ಗುಜರಿ ಇಟ್ಟುಕೊಂಡಿದ್ದ ಸಾಯಬಣ್ಣನಿಗೆ ನಗು.

"ಕ್ಯಾ ಮುರಿಗೆಪ್ಪಣ್ಣಾ, ಎಲ್ಲಾರೂ ತಾಂಬ್ರ ಪಿತ್ತಾಳಿ ಕೇಳತಾರ. ನೀ ಒಬ್ಬಂವ ತುಕ್ಕ ತಿಂದ ಸ್ಕ್ರೂ ಹುಡುಕತಿ. ದಿಮಾಕ್ ಠೀಕ್ ಐತಿಲ್ಲೋ?"

ಕೊನೆಗೆ, ಉಳಿದವೆಲ್ಲ ಸಿಕ್ಕಿ ಒಂದೇ ಬಾಕಿ ಇದ್ದಾಗ, ಆ ಸಾಯಬಣ್ಣನ ಗೋಣಿಚೀಲದಲ್ಲೇ, ಯಾವುದೋ ಬಂದೂಕಿನ ಮುರಿದ ಅವಶೇಷದಲ್ಲಿ, ನಡುವಿನ ಉದ್ದನೆಯ ಸ್ಕ್ರೂ ಸಿಕ್ಕಿತು. ಅದನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಾಗ ಮುರಿಗೆಪ್ಪನ ಕಣ್ಣಲ್ಲಿ ನೀರು ಬಂತು. ಗಾಳಾ ಕೈತಪ್ಪಿದ ದಿನವೂ ಅವನು ಅತ್ತಿರಲಿಲ್ಲ. ಆ ಹಳೆಯ ಗೀರಿಗೆ ಹೊಂದುವಂತೆ ಸ್ಕ್ರೂಡ್ರೈವರಿನ ತುದಿಯನ್ನು ಮಸೆದು, ಒಂದು ಗೆರೆಯೂ ಬೀಳದಂತೆ ಎಲ್ಲವನ್ನೂ ಬಿಗಿದ. ಕುದುರೆಯ ಕೆಲಸವನ್ನು ಮಾತ್ರ ಅವನಿಗೆ ಸುಳ್ಳು ಮಾಡಲಾಗಲಿಲ್ಲ. ಎಳೆದರೆ ಟಕ್ ಎಂದು ನಿಲ್ಲಬೇಕು, ಬಿಟ್ಟರೆ ಬಡಿಯಬೇಕು, ಕೇಪಿನ ಕಿಡಿ ತೂತಿನಿಂದ ನಳಿಗೆಯೊಳಗೆ ಇಳಿಯಬೇಕು. ಕಸುಬಿನ ಅಭಿಮಾನ, ಬಿಡುವುದೆಲ್ಲಿ?

ಅಸಲು ಸದಾನಂದನ ಕೈ ಸೇರಿ ಹಡಗು ಹತ್ತಿತು. ಧಾರಾವಿಯ ಖೋಲಿಯ ಕೀಲಿ ಮುರಿಗೆಪ್ಪನ ಉಡದಾರಕ್ಕೆ ಬಂತು. ನಕಲನ್ನು ಅದೇ ಕಂಬಳಿಯಲ್ಲಿ ಸುತ್ತಿ ಬಸವಂತರಾಯನಿಗೆ ಒಪ್ಪಿಸಿದ. ಅವನು ಮರ ಸವರಿದ, ಬೆಳ್ಳಿ ನೋಡಿದ, ಆಮೇಲೆ ಮಾತಾಡುತ್ತ ಒಂದೊಂದೇ ಗೀರಿನಲ್ಲಿ ಉಗುರು ಆಡಿಸಿದ. ಮುರಿಗೆಪ್ಪ ಆ ಉಗುರನ್ನೇ ನೋಡುತ್ತಿದ್ದ. ಉಗುರು ಎಲ್ಲೂ ತಡೆಯಲಿಲ್ಲ.

"ನಳಿಗಿ ಗಟ್ಟಿ ಐತಿಲ್ಲೋ?"

"ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಾಂಗಿಲ್ರಿ ಸಾವಕಾರ್ರ" ಎಂದ ಮುರಿಗೆಪ್ಪ.

ಖಂಡೇನವಮಿಯ ಆಯುಧಪೂಜೆ ಮುಲುಂಡಿನ ಕ್ವಾರಿಯಲ್ಲಿ. ಬಾ ಎಂದು ಹೇಳಿಕಳಿಸಿದ್ದರು. ಹೋಗದಿದ್ದರೆ ಅನುಮಾನ ಬಂದೀತು ಎಂದು ಮುರಿಗೆಪ್ಪ ತನಗೆ ತಾನೇ ಹೇಳಿಕೊಂಡ. ಖರೆ ಅಂದರೆ, ನೀರಿನ ಪೈಪಿಗೆ ಬಸವಂತರಾಯ ಅಡ್ಡಬೀಳುವುದನ್ನು ಕಣ್ಣಾರೆ ನೋಡಬೇಕಾಗಿತ್ತು. ಸುತ್ತಿಗೆ, ಹಾರೆ, ಡ್ರಿಲ್ಲುಗಳಿಗೆಲ್ಲ ವಿಭೂತಿ ಬಳಿದಿದ್ದರು. ಲಾರಿಗಳಿಗೆ ಬಾಳೆಕಂಬ ಕಟ್ಟಿದ್ದರು. ನಡುವೆ, ಮಣೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡ ಬಂದೂಕು. ಬಸವಂತರಾಯ ಸಾಷ್ಟಾಂಗ ಹಾಕಿದ. ಅಳಿಯ ಅಣವೀರಪ್ಪನೂ ಹಾಕಿದ. ಮುರಿಗೆಪ್ಪನಿಗೆ ಬಾಯಿಗೆ ಬಂದ ನಗುವನ್ನು ಕೊಬ್ಬರಿ ಚೂರಿನ ಜೊತೆ ನುಂಗಬೇಕಾಯಿತು.

ಮಂಗಳಾರತಿ ಆದ ಮೇಲೆ ಬಸವಂತರಾಯ ಕಲ್ಲು ಸಿಡಿಸುವ ಮದ್ದಿನ ಡಬ್ಬಿ ತರಿಸಿದ. "ಅವ್ವಾ, ನೀ ಕೇಳಿದ್ದಿಯಲ್ಲಾ, ಸಾಯೂದ್ರೊಳಗ ಇದರ ಸಪ್ಪಳ ಒಮ್ಮೆ ಕೇಳಬೇಕಂತ. ಇವತ್ತ ಕೇಳು" ಎಂದು, ನಳಿಗೆಯ ಬಾಯಿಗೆ ಧಾರಾಳವಾಗಿ ಮದ್ದು ಸುರಿದ. ಗಜ ಹಾಕಿ ಜಡಿದ. ಆ ಪೈಪು ತಡೆಯುವುದಿಲ್ಲ. ಹಾರಿಸಿದವನ ಗಲ್ಲದ ಪಕ್ಕದಲ್ಲೇ ಸಿಡಿಯುತ್ತದೆ. ಬೇಡ ಎಂದು ಕೂಗಲು ಮುರಿಗೆಪ್ಪ ಬಾಯಿ ತೆರೆದ. ಯಾಕೆ ಎಂದು ಕೇಳುತ್ತಾರೆ. ಬಿಚ್ಚಿ ನೋಡುತ್ತಾರೆ. ತೆರೆದ ಬಾಯಿಯನ್ನು ಅವನು ನಿಧಾನವಾಗಿ ಮುಚ್ಚಿಕೊಂಡ. ಹಳೇ ಬಂದೂಕು, ಕ್ವಾರಿಯ ಮದ್ದು, ಸಾವಕಾರನ ಅವಸರ: ಸಿಡಿದರೆ ಯಾರು ಯಾರನ್ನು ಕೇಳುತ್ತಾರೆ? ಚೂರುಗಳನ್ನು ಆರಿಸಿ ಪೈಪು ಎಂದು ಗುರುತಿಸುವವರು ಯಾರು? ತನ್ನ ಕೈಯಂತೂ ಅದರ ಮೇಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು ಲಾರಿಯ ಮರೆಗೆ ನಿಂತ. ಬಸವಂತರಾಯ ಕೇಪು ಸಿಕ್ಕಿಸಿ, ಕುದುರೆ ಎಳೆದು, ಬಂದೂಕನ್ನು ಭುಜಕ್ಕೆ ಏರಿಸಿದ.

"ಏ ಬಸವಂತಾ, ತಡಿ! ರೂಢಿ ಮರತೇನು?" ಎಂದಳು ಮುದುಕಿ ರುದ್ರವ್ವ. "ಬಂದೂಕ ರಿಪೇರಿ ಮಾಡಿದಂವಂದಽ ಮೊದಲ್ನೇ ಗುಂಡು. ಮುರಿಗೆಪ್ಪನ ಅಪ್ಪ ಊರಾಗ ಯಾರ ಬಂದೂಕ ಮಾಡಿ ಕೊಟ್ರೂ ಗಲ್ಲಕ್ಕ ಹಚ್ಚಿ ತಾನಽ ಹಾರಿಸಿ ತೋರಸ್ತಿದ್ದ. ಆಮ್ಯಾಲಽ ಉಳದವ್ರು ಮುಟ್ಟೂದು." ಮುರಿಗೆಪ್ಪನಿಗೆ ಊರಿನ ಅಗಸಿಬಾಗಿಲ ಮುಂದೆ ಬಂದೂಕು ಹಿಡಿದು ನಿಂತ ಅಪ್ಪ ಕಣ್ಣಿಗೆ ಕಟ್ಟಿದ. ಗೋಡೆಗೆ ತೂಗುವ ಬಂದೂಕುಗಳನ್ನೇ ಮಾಡುತ್ತ ಮಾಡುತ್ತ, ಮುಂಬಯಿಯಲ್ಲಿ ಅವನು ಆ ರೂಢಿಯನ್ನು ಪೂರ್ತಿ ಮರೆತಿದ್ದ. "ಹೌದಲ್ಲಾ!" ಎಂದು ಬಸವಂತರಾಯ ನಾಲಿಗೆ ಕಚ್ಚಿಕೊಂಡು, ಲಾರಿಯ ಮರೆಗೆ ಬಂದು, ಕೂಲಿಗಳೆಲ್ಲ ನೋಡುತ್ತಿರುವಂತೆ ಮುರಿಗೆಪ್ಪನ ರಟ್ಟೆ ಹಿಡಿದು ಬಯಲಿಗೆ ತಂದ. ಕುದುರೆ ಎಳೆದಿದ್ದ ಬಂದೂಕನ್ನು ಅವನ ಎರಡೂ ಕೈಯಲ್ಲಿ ಇಟ್ಟ. "ಗಾಳಾ ನಿನಗ ಕೊಡಲಿಲ್ಲ ಖರೆ. ಅದು ನನ್ನ ತಪ್ಪು. ಇದೊಂದು ನಿನ್ನ ಹಕ್ಕು, ಇದನ್ನ ಕಸಗೊಳ್ಳಾಂಗಿಲ್ಲೋ ಮುರಿಗೆಪ್ಪಾ" ಎಂದು ಹೇಳಿ, ತಾಯಿಯನ್ನು ಕರೆದುಕೊಂಡು ದೂರ ಸರಿದು, ಎಲ್ಲರ ಹಾಗೆ ಕಿವಿ ಮುಚ್ಚಿಕೊಂಡು ನಿಂತ.